ತಂಪುಕೋಣೆಯಲ್ಲಿ ನಲವತ್ತು ನಿಮಿಷ

ಕೊಯ್ಲು ಮುಗಿದು ಹೊಲಗಳೆಲ್ಲ ಬರಿದಾಗಿದ್ದವು. ಎಂಟು ಗಂಟೆಯಾದರೂ ಮಂಜು ಕೂಳೆಗಳ ಮೇಲಿಂದ ಏಳುವ ಮನಸ್ಸು ಮಾಡಿರಲಿಲ್ಲ. ಊರಾಚೆಯ ಲೆನ್ಸ್ ಕಾರ್ಖಾನೆಯ ಉದ್ದನೆಯ ಶೆಡ್ಡು, ಕೆರೆಗಿಳಿದ ಎಮ್ಮೆಯ ಹಾಗೆ, ಬೆನ್ನಷ್ಟೇ ತೋರಿಸಿಕೊಂಡು ಮಲಗಿತ್ತು.

ಒಳಗೆ ಕೆಲಸ ಹತ್ತಿ ಒಂದು ಗಂಟೆಯಾಗಿತ್ತು. ಗಾಜಿನ ಕೆಲಸಕ್ಕೆ ಚಳಿಗಾಲವೇ ಸುಗ್ಗಿ. ಬೇಸಿಗೆಯಲ್ಲಿ ರಾಳ ಮೆತ್ತಗಾಗಿ ಹೇಳಿದ ಮಾತು ಕೇಳುವುದಿಲ್ಲ. ಈಗಾದರೆ ಹದ ಹಿಡಿದು ನಿಲ್ಲುತ್ತದೆ. ಎರಡು ಸಾಲಾಗಿ ಕೂತ ಜನ ರಾಳ ಬಳಿದ ಅಚ್ಚಿನ ಮೇಲೆ ಗಾಜಿನ ಬಿಲ್ಲೆಯಿಟ್ಟು, ಕೆಂಪು ಪುಡಿ ಕಲಸಿದ ನೀರು ಚಿಮುಕಿಸಿ, ಸುತ್ತಿಸಿ ಸುತ್ತಿಸಿ ಉಜ್ಜುತ್ತಿದ್ದರು. ಕೊಟ್ಟಿಗೆಯಲ್ಲಿ ದನಗಳು ಮೆಲುಕು ಹಾಕುವಂಥ ಸದ್ದು. ಕೇಳುತ್ತ ಕೂತರೆ ಕಣ್ಣು ತಾನಾಗಿ ಎಳೆಯುತ್ತಿತ್ತು.

ರಾಳ ಕಾಯಿಸುವ ಒಲೆಯ ಪಕ್ಕದ ಸ್ಟೂಲಿನ ಮೇಲೆ ವಿಮೆ ಮೇಡಂ ಕೂತಿದ್ದಳು. ಇಪ್ಪತ್ತೆರಡು ವರ್ಷ ವಿಮಾ ಕಂಪನಿಗಾಗಿ ಸುಟ್ಟ ಬಣವೆ, ಸತ್ತ ಹಸು, ಕೊಚ್ಚಿಹೋದ ಬದು ನೋಡಿ, ಇದು ನಿಜ ಇದು ಸುಳ್ಳು ಎಂದು ಬರೆದುಕೊಟ್ಟವಳು. ಆ ಕೆಲಸ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ. ಈಗ ಕ್ಯಾಮೆರಾ ಕಂಪನಿಯವರು ಅವಳನ್ನು ಇಲ್ಲಿಗೆ ಕಳಿಸಿದ್ದರು. ಪೆಟ್ಟಿಗೆಯೊಳಗಿದ್ದ ತಾಯಿಗಾಜು ಮಾಯವಾಗಿ ಇವತ್ತಿಗೆ ನಾಲ್ಕನೆಯ ದಿನ. ನಾಡಿದ್ದು ಶನಿವಾರ ಕಾರ್ಖಾನೆಯ ಮಾರಾಟಕ್ಕೆ ಸಹಿ.

“ಮೂರು ದಿನದಿಂದ ನಮ್ಮ ಕೈ ನೋಡ್ತಾ ಇದ್ದೀರಿ,” ಒಲೆಯ ಮುಂದಿದ್ದ ರಾಳದಕ್ಕ ಕೋಲಿನಿಂದ ರಾಳ ತಿರುವುತ್ತ ಅಂದಳು. “ಇನ್ನೊಂದು ವಾರ ಕೂತ್ರೆ ನಿಮಗೂ ಒಂದು ಬಿಲ್ಲೆ ಕೊಟ್ಟು ಉಜ್ಜಿ ಅಂತೀವಿ.”

“ಸಂಬಳ ಕೊಡ್ತೀರಾ?”

“ಶನಿವಾರ ಆದ್ಮೇಲೆ ನಮಗೇ ಇರುತ್ತೋ ಇಲ್ವೋ. ನಿಮಗೆಲ್ಲಿಂದ ತರೋಣ?”

ಸಾಲಿನಲ್ಲಿ ಯಾರೋ ನಕ್ಕರು. ನಗು ಬೇಗ ಆರಿತು.

ತಾಯಿಗಾಜು ಅಂದರೆ ಅಂಗೈಯಗಲದ ದಪ್ಪ ಗಾಜಿನ ಬಿಲ್ಲೆ. ಕಾರ್ಖಾನೆ ಕಟ್ಟಿದ ಹಿರಿಯ ಯಜಮಾನರು ತಮ್ಮ ಕೈಯಾರೆ ಉಜ್ಜಿ ಮಾಡಿದ್ದು. ಇಲ್ಲಿ ತಯಾರಾದ ಪ್ರತಿ ಲೆನ್ಸನ್ನೂ ಅದರ ಮೇಲಿಟ್ಟು ಹಳದಿ ದೀಪದ ಕೆಳಗೆ ನೋಡಬೇಕು. ಎರಡು ಗಾಜಿನ ನಡುವೆ, ಕೊಳಕ್ಕೆ ಕಲ್ಲು ಬಿದ್ದಂತೆ, ಉಂಗುರ ಉಂಗುರವಾಗಿ ಗೆರೆಗಳು ಮೂಡುತ್ತವೆ. ಉಂಗುರ ದುಂಡಗೆ ಬಂದರೆ ಲೆನ್ಸ್ ಪಾಸು, ಸೊಟ್ಟಗಾದರೆ ಮತ್ತೆ ಉಜ್ಜು. ಮಗು ತಾಯಿಯ ಮೈಗೆ ಹೊಂದಿಕೊಳ್ಳುವ ಹಾಗೆ ಹೊಂದಬೇಕು ಎಂದು ಅದಕ್ಕೆ ಆ ಹೆಸರು. ಕಣ್ಣಿನ ಡಾಕ್ಟರು ರೋಗಿಯ ಕಣ್ಣೊಳಗೆ ಇಣುಕಿ ನೋಡುವ ಯಂತ್ರಕ್ಕೆ ಈ ಲೆನ್ಸುಗಳು ಹೋಗುತ್ತಿದ್ದವು.

ಕ್ಯಾಮೆರಾ ಕಂಪನಿಗೆ ಬೇಕಾದದ್ದೂ ಅದೇ. ಜೇಬುಜೇಬಿನಲ್ಲಿ ಫೋನು ಬಂದ ಮೇಲೆ ಕ್ಯಾಮೆರಾ ಕೊಳ್ಳುವವರು ಯಾರು? ಮುಖಗಳ ಫೋಟೊ ಬಿಟ್ಟು ಕಣ್ಣಿನೊಳಗಿನ ಫೋಟೊ ಹಿಡಿಯೋಣ, ಆಸ್ಪತ್ರೆಗಳ ಪೇಟೆಗೆ ಇಳಿಯೋಣ ಎಂದು ಅವರು ಹೊರಟಿದ್ದರು. ಆ ಪೇಟೆಯ ಬಾಗಿಲು ಹೊಸಬರಿಗೆ ತೆರೆಯುವುದಿಲ್ಲ. ಆಗಲೇ ಒಳಗಿದ್ದವರನ್ನು ಕೊಂಡುಕೊಂಡರೆ ಅವರ ಹೆಗಲ ಮೇಲೆ ಕೂತು ಹೋಗಬಹುದು. ಹಾಗೆಂದು ಈ ಕಾರ್ಖಾನೆ. ಮಾರುವ ಪಟ್ಟಿಯ ಮೊದಲ ಸಾಲೇ ಹೀಗಿತ್ತು: ‘ಸಂಸ್ಥಾಪಕರು ಕೈಯಾರೆ ಮಾಡಿದ ತಾಯಿಗಾಜು, ಒಂದು.’ ಅದಿಲ್ಲದೆ ಸಹಿ ಇಲ್ಲ ಎಂದು ಕಂಪನಿ ಹೇಳಿತ್ತು. ಕಂಪನಿ ಕೊಳ್ಳದಿದ್ದರೆ ಬೇಸಿಗೆಯೊಳಗೆ ಬಾಗಿಲು ಮುಚ್ಚುತ್ತದೆ ಎಂಬುದು ಉಜ್ಜುತ್ತ ಕೂತಿದ್ದ ಮೂವತ್ತೆಂಟು ಜನಕ್ಕೂ ಗೊತ್ತಿತ್ತು.

ಪೆಟ್ಟಿಗೆಗೆ ಎರಡೇ ಕೀಲಿಕೈ. ಒಂದು ಯಜಮಾನಿಯ ಬಳಿ. ಅವಳು ಆರು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು, ಹಿರಿಯ ಯಜಮಾನರ ಸೊಸೆ. ಇನ್ನೊಂದು ಮೇಸ್ತ್ರಿಯ ಕೊರಳಲ್ಲಿ. ಐವತ್ತು ವರ್ಷದಿಂದ ಉಂಗುರ ಓದುತ್ತ ಬಂದ ಆ ಮುದುಕನನ್ನು ಎಲ್ಲರೂ ಉಂಗುರದಜ್ಜ ಅನ್ನುತ್ತಿದ್ದರು. ಈ ನಾಲ್ಕು ದಿನದಿಂದ ಎದುರಿಗೆ ಹಾಗೆ ಕರೆಯುವುದನ್ನು ಕೆಲವರು ಬಿಟ್ಟಿದ್ದರು.

ಬಾಗಿಲಲ್ಲಿ ಯಜಮಾನಿಯ ಮೈದುನ ಕಾಣಿಸಿಕೊಂಡ. ಜನ ಬೆನ್ನ ಹಿಂದೆ ಅವನಿಗೆ ಗಡಿಬಿಡಿ ಎನ್ನುತ್ತಿದ್ದರು. ಒಂದು ಬೂಟಿನ ದಾರ ಯಾವಾಗಲೂ ಬಿಚ್ಚಿಯೇ ಇರುತ್ತಿತ್ತು.

“ಮೇಡಂ, ಏನಾದ್ರೂ ಗೊತ್ತಾಯ್ತಾ? ಅತ್ತಿಗೆ ನಿನ್ನೆ ಸಂಜೆನೇ ಕಂಪನಿಯವರ ಹತ್ರ ಹೋದ್ರು. ಗಡುವು ಕೇಳೋಕೆ ಇರಬೇಕು. ನನಗೂ ಸರಿಯಾಗಿ ಹೇಳ್ಲಿಲ್ಲ. ಆ ಮುದುಕನ್ನ ಇನ್ನೂ ಯಾಕೆ ಒಳಗೆ ಬಿಟ್ಟಿದ್ದೀರಿ ಅಂತ ನನಗೆ ತಿಳೀತಿಲ್ಲ.”

“ಕೂತ್ಕೊಳ್ಳಿ.”

“ಕೂರೋಕೆ ಎಲ್ಲಿ ಟೈಮಿದೆ?”

“ದಾರ ಕಟ್ಟಿಕೊಳ್ಳೋಕಾದ್ರೂ ಕೂತ್ಕೊಳ್ಳಿ. ಬಿದ್ದುಗಿದ್ದೀರಿ.”

ರಾಳದಕ್ಕ ಮುಖ ಒಲೆಯ ಕಡೆ ತಿರುಗಿಸಿದಳು.

ಮೇಡಂ ಸ್ಟೂಲಿನಿಂದೆದ್ದಳು. ಅವಳ ಕೈಚೀಲದಲ್ಲಿ ರಾತ್ರಿ ಬಂದ ಒಂದು ಹಾಳೆಯಿತ್ತು. ಅದಕ್ಕಿಂತ ಹೆಚ್ಚಾಗಿ ಅವಳ ಮನಸ್ಸಿನಲ್ಲಿ ಒಂದು ನೋಟ ಕೂತಿತ್ತು. ಹಸು ಕಳೆದುಕೊಂಡವನು ಮಾತಾಡುತ್ತಲೂ ದಾರಿಯ ಕಡೆ ನೋಡುತ್ತಿರುತ್ತಾನೆ. ಯಾವ ಗಳಿಗೆಯಲ್ಲಾದರೂ ಗಂಟೆಯ ಸದ್ದು ಕೇಳೀತು ಎಂದು. ಉಂಗುರದಜ್ಜ ಮೂರು ದಿನದಲ್ಲಿ ಒಂದು ಸಲವೂ ದಾರಿಯ ಕಡೆ ನೋಡಿರಲಿಲ್ಲ.

*

ತಂಪುಕೋಣೆ ಶೆಡ್ಡಿನ ಬಡಗಣ ತುದಿಯಲ್ಲಿತ್ತು. ಕಿಟಕಿಯಿಲ್ಲ. ಎರಡು ಪದರ ಹಲಗೆಯ ನಡುವೆ ಮರದ ಹೊಟ್ಟು ತುಂಬಿದ ಬಾಗಿಲು. ಒಳಗೆ ಒಂದು ಕಲ್ಲಿನ ಮೇಜು, ಹಳದಿ ದೀಪ, ಎರಡು ಕುರ್ಚಿ.

ಅಲ್ಲಿನ ಕಟ್ಟಳೆ ಸಣ್ಣದು, ಆದರೆ ಅದನ್ನು ಮೀರಿದವರಿಲ್ಲ. ಕೈ ಮುಟ್ಟಿದ ಗಾಜು ಕೈಯ ಬಿಸಿಗೆ ಉಬ್ಬುತ್ತದೆ, ಆಗ ಉಂಗುರ ಸುಳ್ಳು ಹೇಳುತ್ತದೆ. ಆದ್ದರಿಂದ ಗಾಜಿನ ಮೇಲೆ ಗಾಜಿಟ್ಟ ಮೇಲೆ ನಲವತ್ತು ನಿಮಿಷ ಅದಕ್ಕೆ ನಿದ್ದೆ. ಅಷ್ಟೂ ಹೊತ್ತು ಬಾಗಿಲು ತೆಗೆಯುವಂತಿಲ್ಲ, ಮೇಜು ಅಲುಗಿಸುವಂತಿಲ್ಲ, ಗಾಜಿನ ಕಡೆ ಉಸಿರು ಬಿಡುವಂತಿಲ್ಲ. ಮಾತಾಡಲೇಬೇಕಾದರೆ ಗೋಡೆಯ ಕಡೆ ಮುಖ ಮಾಡಿ ಪಿಸುಗುಟ್ಟಬೇಕು.

ಅಜ್ಜ ಒಂದು ಲೆನ್ಸನ್ನು ಬಟ್ಟೆಯಲ್ಲಿ ಹಿಡಿದು ಒಳಗೆ ಹೋಗುತ್ತಿದ್ದ. ತಾಯಿಗಾಜು ಹೋದ ಮೇಲೆ ಅದರ ಸಣ್ಣದೊಂದು ನಕಲಿನಲ್ಲಿ ಹೇಗೋ ಕೆಲಸ ದೂಡುತ್ತಿದ್ದ.

“ನಾನೂ ಬರಲಾ, ಅಜ್ಜ?”

“ನಲವತ್ತು ನಿಮಿಷ ಹೊರಗೆ ಬಿಡೋಲ್ಲ, ತಾಯಿ.”

“ಅದಕ್ಕೇ ಬರ್ತೀನಿ ಅಂದೆ.”

ಅಜ್ಜ ಅವಳ ಮುಖ ನೋಡಿದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಕೊಟ್ಟ.

ಬಾಗಿಲು ಮುಚ್ಚಿದೊಡನೆ ಶೆಡ್ಡಿನ ಸದ್ದೆಲ್ಲ ನೀರಿನಡಿಗೆ ಹೋದಂತಾಯಿತು. ಅಜ್ಜ ಲೆನ್ಸನ್ನು ನಕಲು ಗಾಜಿನ ಮೇಲೆ ಇಳಿಸಿದ. ಮಲಗಿದ ಮಗುವಿನ ತಲೆ ದಿಂಬಿಗಿಡುವ ಹಾಗೆ. ಹಳದಿ ಬೆಳಕಿನಲ್ಲಿ ಉಂಗುರಗಳು ಮೂಡಿ, ಹಿಗ್ಗಿ, ಒಂದರೊಳಗೊಂದು ಓಡಾಡತೊಡಗಿದವು. ನೋಡುತ್ತ ನಿಂತರೆ ನೆಲ ಕಾಲಡಿಯಿಂದ ಮೆಲ್ಲಗೆ ಜಾರುವಂತಿತ್ತು. ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ಕೂತರು.

ಮೇಡಂಗೆ ಅವಸರವಿರಲಿಲ್ಲ. ಸುಟ್ಟ ಬಣವೆಯ ಪಕ್ಕ ರೈತನ ಜೊತೆ ಹೀಗೇ ಅರ್ಧ ದಿನ ಕೂತವಳು ಅವಳು.

“ಅಜ್ಜ, ಹೋದ ತಿಂಗಳು ಕಂಪನಿಯವರು ನಿಮ್ಮ ಹಳೇ ಲೆನ್ಸು ಹನ್ನೆರಡು, ಹೊಸ ಲೆನ್ಸು ಹನ್ನೆರಡು ತಗೊಂಡು ಹೋಗಿದ್ರು ಅಲ್ವಾ. ಅವರ ಯಂತ್ರದಲ್ಲಿ ಅಳೆದಿದ್ದಾರೆ. ರಾತ್ರಿ ಹಾಳೆ ಬಂತು.”

“ತಪ್ಪು ಬಂತಾ?”

“ತಪ್ಪಿಲ್ಲ. ಎರಡೂ ಪಾಸು. ಆದರೆ ಹಳೇವು ಒಂದು ಆಕಾರ, ಹೊಸವು ಇನ್ನೊಂದು ಆಕಾರ. ಕೂದಲನ್ನ ನೂರು ಸೀಳು ಮಾಡಿದ್ರೆ ಅದರಲ್ಲಿ ಒಂದು ಸೀಳಿನಷ್ಟು ವ್ಯತ್ಯಾಸ. ಹಳೇವೆಲ್ಲ ಒಂದೇ ತಾಯಿ ಮಕ್ಕಳು. ಹೊಸವೆಲ್ಲ ಇನ್ನೊಂದು ತಾಯಿ ಮಕ್ಕಳು. ಬದಲಾಗಿದ್ದು ಆರು ವರ್ಷದ ಹಿಂದಿನ ಚಳಿಗಾಲದಲ್ಲಿ.”

ಅಜ್ಜನ ಕೈ ಕೊರಳಿನ ಕೀಲಿಕೈಗೆ ಹೋಯಿತು. ಅದನ್ನು ಹಿಡಿದು ಹಾಗೇ ಕೂತ.

“ಯಂತ್ರ ಅಷ್ಟು ನೋಡುತ್ತಾ?” ಅಂದ. ದನಿಯಲ್ಲಿ ಹೆದರಿಕೆಗಿಂತ ಬೆರಗು ಹೆಚ್ಚಿತ್ತು. “ನನ್ನ ಕಣ್ಣಿಗೆ ಎರಡೂ ಒಂದೇ ಕಾಣಿಸ್ತಿತ್ತು.”

“ಎರಡನೇದನ್ನ ಮಾಡಿದವರು ನೀವೇ ತಾನೆ?”

ಅಜ್ಜ ಗೋಡೆಗೆ ಹೇಳುವ ಹಾಗೆ ಹೇಳತೊಡಗಿದ. ಚಿಕ್ಕ ಯಜಮಾನರಿಗೆ, ಅಂದರೆ ಯಜಮಾನಿಯ ಗಂಡನಿಗೆ, ಆ ವರ್ಷ ಕಾಯಿಲೆ ಜೋರಾಗಿತ್ತು. ಕೈಯಲ್ಲಿ ನಡುಕ. ಒಂದು ದಿನ ಕುರ್ಚಿಯಲ್ಲೇ ಹೊತ್ತುಕೊಂಡು ಬರಲು ಹೇಳಿ ಈ ಕೋಣೆಗೆ ಬಂದರು. ಹೊತ್ತು ತಂದವರನ್ನು ಆಚೆ ಕಳಿಸಿದರು.

“ನಮ್ಮಪ್ಪನ ಗಾಜನ್ನ ಒಂದು ಸಲ ಬರೀ ಕೈಯಲ್ಲಿ ಹಿಡೀಬೇಕು ಮೇಸ್ತ್ರಿ ಅಂದ್ರು. ಹುಟ್ಟಿದಾಗಿನಿಂದ ನೋಡಿದ್ದೀನಿ, ಮುಟ್ಟೋಕೆ ಬಿಟ್ಟಿಲ್ಲ ಯಾರೂ ಅಂದ್ರು. ಹೇಗೆ ಆಗೋಲ್ಲ ಅನ್ಲಿ? ಕೊಟ್ಟೆ. ಎರಡು ನಿಮಿಷ ಕೆನ್ನೆಗೆ ಒತ್ತಿಕೊಂಡು ಕೂತಿದ್ರು. ಆಮೇಲೆ ಜಾರಿತು. ಏಳು ಚೂರು.”

ದೀಪದ ಕೆಳಗೆ ಉಂಗುರಗಳ ಓಡಾಟ ನಿಧಾನವಾಗುತ್ತಿತ್ತು.

“ನನ್ನ ಹೆಂಡತಿಗೆ ಹೇಳಬೇಡ ಮೇಸ್ತ್ರಿ, ಅಂದ್ರು. ಹೇಳೋಲ್ಲ ಅಂದೆ. ಆ ಚಳಿಗಾಲ ಪೂರ್ತಿ ಎಲ್ಲರೂ ಮನೆಗೆ ಹೋದ ಮೇಲೆ ನಾನೊಬ್ಬನೇ ಉಜ್ಜಿದೆ. ಚೂರುಗಳನ್ನ ಮುಂದಿಟ್ಕೊಂಡು, ನೆನಪಿನ ಮೇಲೆ. ಮುಗಿಸಿ ತೋರಿಸಿದಾಗ ಅವರಿಗೆ ಮಾತು ನಿಂತಿತ್ತು. ಕೈ ಹಿಡ್ಕೊಂಡ್ರು. ನಿನ್ನ ಋಣ ಉಳೀತು ಅಂತ ಕಣ್ಣಲ್ಲೇ ಹೇಳಿದ್ರು. ಒಂಬತ್ತು ದಿನಕ್ಕೆ ಹೋದ್ರು.”

“ಈಗ ಮಾರುವ ಪಟ್ಟಿಯಲ್ಲಿ ಅದು ಹಿರಿಯ ಯಜಮಾನರ ಗಾಜು ಅಂತಿದೆ.”

“ಅದೇ ಹೇಳ್ತಿರೋದು, ತಾಯಿ. ಅಮ್ಮಾವ್ರು ಅದರ ಕೆಳಗೆ ಸಹಿ ಹಾಕ್ತಾರೆ. ನಿಮ್ಮ ಯಂತ್ರ ಇವತ್ತಲ್ಲ ನಾಳೆ ಹಿಡಿಯುತ್ತೆ. ಕಳೆದುಹೋದರೆ ನಷ್ಟ ಅಂತಾರೆ, ಮಾರಿದ ಮೇಲೆ ಗೊತ್ತಾದರೆ ಮೋಸ ಅಂತಾರೆ. ಮೋಸಗಾತಿ ಅನ್ನಿಸಿಕೊಳ್ಳೋದು ಅವರು. ಹೇಳೋಣ ಅಂದ್ರೆ ಸತ್ತವರಿಗೆ ಕೊಟ್ಟ ಮಾತು ಬಾಯಿಗೆ ಅಡ್ಡ ಕೂತಿದೆ.”

“ಅದಕ್ಕೆ ಕದ್ರಿ.”

ಅಜ್ಜ ಮೊದಲ ಸಲ ಅವಳ ಕಡೆ ತಿರುಗಿದ. ಕಣ್ಣು ತೇವವಾಗಿರಲಿಲ್ಲ; ದಣಿದಿತ್ತು.

“ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಪೆಟ್ಟಿಗೆ ತೆಗೆದೆ. ಕದಿಯೋಕೆ ಹೋಗಿದ್ದು ನಿಜ. ಕದ್ದಿದ್ದು ನಾನಲ್ಲ. ಪೆಟ್ಟಿಗೆ ಖಾಲಿ ಇತ್ತು.”

ಇಪ್ಪತ್ತೆರಡು ವರ್ಷದಲ್ಲಿ ಮೇಡಂ ಸಾವಿರ ಸುಳ್ಳು ಕೇಳಿದ್ದಳು. ಸುಳ್ಳು ಹೇಳುವವನು ತನ್ನನ್ನು ಅರ್ಧ ಕಳ್ಳ ಮಾಡಿಕೊಂಡು ಹೇಳಿದ್ದನ್ನು ಕೇಳಿರಲಿಲ್ಲ.

“ಗುಟ್ಟು ಇನ್ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ. ಅವರಿಗೆ ಗೊತ್ತಿತ್ತು, ಹೋದ್ರು. ನನಗೆ ಗೊತ್ತು.”

“ಆ ಚೂರುಗಳು?”

ಅಜ್ಜ ಕಲ್ಲಿನ ಮೇಜಿನ ಕೆಳಗಿನ ಡ್ರಾಯರಿನ ಕಡೆ ಗದ್ದ ತೋರಿಸಿದ. “ಬಟ್ಟೆ ಸುತ್ತಿ ಇಟ್ಟಿದ್ದೀನಿ. ವರ್ಷಕ್ಕೊಂದು ಸಲ, ಅವರು ಹೋದ ದಿನ ತೆಗೆದು ನೋಡ್ತೀನಿ. ಮಿಕ್ಕ ದಿನ ಅದರ ಹತ್ತಿರ ಕೈ ಹೋಗೋಲ್ಲ.”

ಮೇಡಂ ಡ್ರಾಯರನ್ನೇ ನೋಡಿದಳು. ಸೋಮವಾರದಿಂದ ಶೆಡ್ಡಿನ ಒಂದೊಂದು ಮೂಲೆಯನ್ನೂ ಹುಡುಕಿದ್ದರು. ಊಟದ ಡಬ್ಬಿ, ಅಂಗಿಯ ಜೇಬು, ನೀರಿನ ತೊಟ್ಟಿ, ರಾಳದಕ್ಕನ ರಾಳದ ಪಾತ್ರೆಯನ್ನೂ ಬಿಟ್ಟಿರಲಿಲ್ಲ. ಈ ಕೋಣೆಗೂ ಟಾರ್ಚು ಹಿಡಿದು ಬಂದಿದ್ದರು. ಆದರೆ ಮೇಜಿನ ಮೇಲೆ ನಕಲು ಗಾಜು ಇಟ್ಟಿತ್ತು, ಆ ಮೇಜನ್ನು ಅಲುಗಿಸಿ ಯಾರಿಗೂ ಅಭ್ಯಾಸವಿರಲಿಲ್ಲ. ಡ್ರಾಯರು ಎಳೆದರೆ ಮೇಜು ಅಲುಗುತ್ತದೆ. ಯಾರೂ ಎಳೆದಿರಲಿಲ್ಲ. ಮಂಗಳವಾರ ಬಂದ ತಾನೂ, ಎಲ್ಲರ ಹಾಗೆ ಕೈ ಹಿಂದೆ ಕಟ್ಟಿಕೊಂಡು, ನೋಡಿ ಹೊರಟುಬಂದಿದ್ದಳು. ಬಣವೆಯ ಬುಡ ಕೆದಕದೆ ವರದಿ ಬರೆದವರನ್ನು ಅವಳು ಎಷ್ಟು ಆಡಿಕೊಂಡು ನಕ್ಕಿದ್ದಳೋ.

“ತೆಗೀರಿ ಅಜ್ಜ.”

“ಇನ್ನೂ ಹನ್ನೊಂದು ನಿಮಿಷ ಇದೆ.”

ಹನ್ನೊಂದು ನಿಮಿಷ ಇಬ್ಬರೂ ಕಾದರು. ಕಳ್ಳತನ ಬೇರೆ, ಕೆಲಸ ಬೇರೆ. ಆಮೇಲೆ ಅಜ್ಜ ಎದ್ದು ಬಾಗಿ ಉಂಗುರ ನೋಡಿದ. ಕದಡಿದ ಕೊಳ ತಿಳಿಯಾದ ಹಾಗೆ ಉಂಗುರಗಳು ದುಂಡಗೆ ನಿಂತಿದ್ದವು. ಲೆನ್ಸನ್ನು ಎತ್ತಿ ಪಕ್ಕದ ತಟ್ಟೆಯಲ್ಲಿಟ್ಟ. ಪಾಸು.

ಡ್ರಾಯರು ಎಳೆದ.

ಬಟ್ಟೆಯ ಗಂಟು ಅಲ್ಲೇ ಇತ್ತು. ಮುಟ್ಟಿದ ಕೂಡಲೇ ಅಜ್ಜನ ಬೆರಳು ನಿಂತವು. ಅವನ ಬೆರಳಿಗೆ ಗಾಜಿನ ತೂಕ ಗೊತ್ತಾಗದಿರುವುದುಂಟೆ? ಒಂದೊಂದೇ ಮಡಿಕೆ ಬಿಚ್ಚಿದ. ಒಳಗೆ ಚೂರುಗಳಿರಲಿಲ್ಲ. ಅಂಗೈಯಗಲದ ಇಡೀ ಗಾಜು, ಹಳದಿ ಬೆಳಕನ್ನು ಹೊಟ್ಟೆಯೊಳಗೆ ಇಟ್ಟುಕೊಂಡು, ತಣ್ಣಗೆ ಮಲಗಿತ್ತು. ಊರೆಲ್ಲ ಹುಡುಕಿದ ತಾಯಿಗಾಜು.

ಕೆಳಗೊಂದು ಚೀಟಿ. ಅಜ್ಜ ಅದನ್ನು ದೂರ ಹಿಡಿದ, ಹತ್ತಿರ ಹಿಡಿದ, ಕೊನೆಗೆ ಮೇಡಂ ಕೈಗೆ ಕೊಟ್ಟ. “ಉಂಗುರ ಓದ್ತೀನಿ, ಅಕ್ಷರ ಕಾಣ್ಸೋಲ್ಲ. ಬರಹ ಅಮ್ಮಾವ್ರದ್ದು.”

ಮೇಡಂ ಪಿಸುದನಿಯಲ್ಲಿ ಓದಿದಳು.

‘ಮೇಸ್ತ್ರಿಗಳೇ, ಇವರು ಹೋಗುವ ಹಿಂದಿನ ವಾರವೇ ನನಗೆ ಎಲ್ಲ, ಚೂರು ಎಲ್ಲಿವೆ ಎಂಬುದನ್ನೂ, ಬರೆದು ತೋರಿಸಿದ್ದರು. ನಿಮಗೆ ಹೇಳಬೇಡ ಅಂತ ನನ್ನಿಂದಲೂ ಮಾತು ತೆಗೆದುಕೊಂಡಿದ್ದರು. ಚೂರುಗಳು ನಮ್ಮ ಮನೆಯವು, ಒಯ್ಯುತ್ತಿದ್ದೇನೆ. ಗಾಜು ನಿಮ್ಮದು; ನಿಮ್ಮದನ್ನು ನಾನು ಹೇಗೆ ಮಾರಲಿ? ಕಂಪನಿಗೆ ಹೋಗಿ ನಿಜ ಹೇಳಿ, ಪಟ್ಟಿಯಿಂದ ಅದನ್ನು ತೆಗೆಸಿ ಬರುತ್ತೇನೆ. ಅಲ್ಲಿಯವರೆಗೆ ಬಾಯಿ ಬಿಡಬೇಡಿ. ಇವರ ಋಣ ಇವತ್ತಿಗೆ ತೀರಿತು ಅಂದುಕೊಳ್ಳುತ್ತೇನೆ.’

ತಾರೀಖು ಹೋದ ಭಾನುವಾರದ್ದು.

ಅಜ್ಜ ಗಾಜನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ. “ಭಾನುವಾರ ಇಟ್ಟಿದ್ದಾರೆ. ಮಾರನೇ ದಿನವೇ ನಾನು ನೋಡ್ತೀನಿ ಅಂದ್ಕೊಂಡಿದ್ದಾರೆ. ನನ್ನ ಮೇಲೆ ಅನುಮಾನ ಬಂದಾಗ ನಾನು ಸುಮ್ಮನಿದ್ದದ್ದು ನೋಡಿ, ಓ, ಚೀಟಿ ಸಿಕ್ಕಿದೆ, ಹೇಳಿದ ಹಾಗೆ ಕೇಳ್ತಿದ್ದಾನೆ ಅಂದ್ಕೊಂಡು ಅವರೂ ಸುಮ್ಮನಿದ್ದಾರೆ.”

ಆರು ವರ್ಷ ಒಂದೇ ಗುಟ್ಟನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟು ಸಾಕಿದ್ದರು. ನಾಲ್ಕು ದಿನ ಅದೇ ಮರ್ಯಾದೆಗೆ ಮೂವತ್ತೆಂಟು ಜನರ ಜೇಬು ತಡಕಿಸಿದ್ದರು. ಮೇಡಂಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಕೈಚೀಲದೊಳಗೆ ಫೋನು ನಡುಗಿತು. ಕಂಪನಿಯ ಖರೀದಿ ಸಾಹೇಬ. ಅವಳು ಮೂಲೆಗೆ ಹೋಗಿ ಗೋಡೆಯ ಕಡೆ ತಿರುಗಿ ಕಿವಿಗಿಟ್ಟುಕೊಂಡಳು.

“ನಿಮ್ಮ ಯಜಮಾನಿ ಬೆಳಕಾಗೋ ಹೊತ್ತಿಗೇ ಬಂದ್ರು ಮೇಡಂ,” ಅವನ ದನಿ ಹೊಸ ಸೋಪಿನಷ್ಟು ನಯವಾಗಿತ್ತು. “ಏಳು ಚೂರು ಮೇಜಿನ ಮೇಲಿಟ್ಟು ಎಲ್ಲ ಹೇಳಿದ್ರು. ಪಾಪ, ಒಳ್ಳೆಯವರು. ಹೊರಗೆ ಕೂರಿಸಿದ್ದೀವಿ, ಕಾಫಿ ಕೊಟ್ಟಿದ್ದೀವಿ. ಚೂರು ಅಳೆದು, ಹೊಸ ಲೆನ್ಸುಗಳ ಲೆಕ್ಕಕ್ಕೆ ಹೋಲಿಸಿ ನೋಡಿದ್ವಿ. ಮುದುಕ ಮಾಡಿದ್ದು ಹಳೇದಕ್ಕಿಂತ ಚೆನ್ನಾಗಿದೆ ಗೊತ್ತಾ? ಬರೀ ಕೈಯಲ್ಲಿ.”

“ಸರಿ. ಹಾಗಾದ್ರೆ ಪಟ್ಟಿಯ ಒಂದು ಸಾಲು ತಿದ್ದಿ ಸಹಿ ಮಾಡಿಸಿ.”

“ಯಾಕೆ ಮೇಡಂ? ಗಾಜು ಮುದುಕನದು, ಕೈಯೂ ಮುದುಕನದು ಅಂತ ಅವರೇ ಬರೆದುಕೊಟ್ಟಿದ್ದಾರೆ. ನಾವು ಕೊಳ್ಳೋಕೆ ಹೊರಟಿದ್ದು ಅವೆರಡನ್ನೇ. ಆ ಶೆಡ್ಡು, ಅಷ್ಟು ಜನ, ಯಾರಿಗೆ ಬೇಕು ಹೇಳಿ? ಗಾಜು ಸಿಕ್ಕಿದ್ರೆ ಹೇಳಿ, ಈಗಲೇ ಕಾರು ಕಳಿಸ್ತೀನಿ. ಗಾಜು, ಮುದುಕ, ಎರಡೇ. ಅವನು ಕೇಳಿದಷ್ಟು ಕೊಡೋಣ. ಅಲ್ಲಿ ಯಾರಿಗೂ ಸುದ್ದಿ ಬೇಡ. ಯಜಮಾನಿಗೂ ಸಂಜೆ ಹೇಳ್ತೀವಿ.”

ಹೊಟ್ಟಿನ ಬಾಗಿಲಾಚೆ ಮೆಲುಕು ಹಾಕುವ ಸದ್ದು ದೂರದಲ್ಲಿ ನಡೆದೇ ಇತ್ತು. ಋಣ ತೀರಿಸಲು ಹೋದ ಯಜಮಾನಿ ಮನೆಯ ಬಾಗಿಲನ್ನೇ ಕಳಚಿ ಕೊಟ್ಟು ಬಂದಿದ್ದಳು. ಅದು ಅವಳಿಗಿನ್ನೂ ಗೊತ್ತಿಲ್ಲ. ಅಲ್ಲಿ ಕಾಫಿ ಕುಡಿಯುತ್ತ, ಒಳ್ಳೆಯ ಕೆಲಸ ಮಾಡಿದೆ ಎಂದು ಕೂತಿದ್ದಾಳೆ.

ಶನಿವಾರಕ್ಕೆ ಇನ್ನೂ ಎರಡು ದಿನ. ಗಾಜು ಸಿಗದಷ್ಟು ಹೊತ್ತು ಕಾರು ಬರುವುದಿಲ್ಲ. ಯಜಮಾನಿಗೆ ಫೋನು ಮಾಡಬಹುದು, ಅಜ್ಜನಿಗೆ ಬಿಡಿಸಿ ಹೇಳಬಹುದು. ನಾನು ಬೇಕಾದರೆ ಜನರನ್ನೂ ಕೊಳ್ಳಿ ಎಂದು ಅಜ್ಜನ ಬಾಯಲ್ಲೇ ಹೇಳಿಸಬಹುದು. ಬೇಕಾಗಿದ್ದದ್ದು ಎರಡು ದಿನ.

ಜೀವಮಾನದಲ್ಲಿ ಒಂದು ವರದಿಯಲ್ಲೂ ಸುಳ್ಳು ಬರೆಯದ ವಿಮೆ ಮೇಡಂ ಗಂಟಲು ಸರಿಮಾಡಿಕೊಂಡಳು.

“ಗಾಜು ಇನ್ನೂ ಸಿಕ್ಕಿಲ್ಲ, ಸಾಹೇಬರೇ. ಹುಡುಕ್ತಾ ಇದ್ದೀನಿ.”

ಬೆನ್ನ ಹಿಂದೆ ರಾಳದ ವಾಸನೆ ಹೊತ್ತ ಶೆಡ್ಡಿನ ಗಾಳಿ ಸುಳಿಯಿತು. ಅವಳು ತಿರುಗಿದಳು.

ಅಜ್ಜ ಕುರ್ಚಿಯಲ್ಲಿರಲಿಲ್ಲ. ಫೋನಿನಲ್ಲಿ ಏನು ಮಾತು ನಡೆಯಿತೋ ಅವನಿಗೆ ಕೇಳಿಸಿರಲಿಲ್ಲ. ಅವನ ತಲೆಯಲ್ಲಿದ್ದದ್ದು ನಾಲ್ಕು ದಿನದಿಂದ ಊಟದ ಡಬ್ಬಿ ತೆರೆದು ತೋರಿಸಿ ಮನೆಗೆ ಹೋಗುತ್ತಿದ್ದ ಜನ. ಬಾಗಿಲು ಪೂರ್ತಿ ತೆರೆದು ಹೊಸ್ತಿಲ ಮೇಲೆ ನಿಂತಿದ್ದ. ಬಟ್ಟೆಯಿಲ್ಲದ ಬರಿಗೈಯಲ್ಲಿ, ಎರಡೂ ಅಂಗೈ ಜೋಡಿಸಿ, ಗಾಜನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ. ಸಾಲುಗಳಲ್ಲಿ ಒಂದೊಂದೇ ಕೈ ನಿಂತಿತು. ಗಡಿಬಿಡಿ ಎದ್ದು ನಿಂತ. ರಾಳದಕ್ಕ ಕೋಲನ್ನು ಪಾತ್ರೆಯಲ್ಲೇ ಬಿಟ್ಟಳು.

“ಸಿಕ್ಕಿತು,” ಅಂದ ಅಜ್ಜ. ಐವತ್ತು ವರ್ಷ ಪಿಸುಗುಟ್ಟಿದ ಗಂಟಲು ಅಷ್ಟು ಗಟ್ಟಿ ಇದ್ದೀತೆಂದು ಯಾರಿಗೂ ಗೊತ್ತಿರಲಿಲ್ಲ. “ನಮ್ಮಲ್ಲಿ ಯಾರೂ ಕದ್ದಿಲ್ಲ. ಸಿಕ್ಕಿತು.”

ಮೇಡಂ ಫೋನಿನ ಬಾಯಿಗೆ ಅಂಗೈ ಒತ್ತಿದಳು. ಆದರೆ ತಡವಾಗಿತ್ತು.

ಆ ಕಡೆಯಿಂದ ಖರೀದಿ ಸಾಹೇಬ, ಅದೇ ನಯವಾದ ದನಿಯಲ್ಲಿ, “ಯಾರದು ಮೇಡಂ, ಸಿಕ್ಕಿತು ಅಂದದ್ದು?” ಅಂದ.